ದಡ್ಡತನದ ತಾಲೀಮು

"ಆಕಳಿಗೆ ಕಾಲು ಎಷ್ಟು?"

"ನಾಕು!" ಮಕ್ಕಳೆಲ್ಲ ಒಂದೇ ದನಿಯಲ್ಲಿ ಕೂಗಿದರು.

ಊರ ಹಿರಿಯ ದಾದಾಸಾಹೇಬರು ಹಣೆ ಚಚ್ಚಿಕೊಂಡರು. "ಎಷ್ಟ ಸಲ ಹೇಳಬೇಕೋ ನಿಮಗ? ನಾಕು ಅಂದ್ರ ಊರಿಗೆ ನಳದ ನೀರು ಬರಂಗಿಲ್ಲ. ಇನ್ನೊಮ್ಮೆ ಹೇಳ್ರಿ. ಕಾಲು ಎಷ್ಟು?"

ಮಕ್ಕಳು ಮುಖ ಮುಖ ನೋಡಿಕೊಂಡರು. ಹಿಂದಿನಿಂದ ಒಂದು ಸಣ್ಣ ದನಿ ಅಂಜುತ್ತ ಬಂತು: "ಏಳು?"

"ಶಾಬಾಸ್!"

ಕರಂಜವಾಡಿಯ ಬಸದಿಕಟ್ಟೆಯ ಮೇಲೆ ಇಂಥ ಶಾಲೆ ಹಿಂದೆಂದೂ ನಡೆದಿರಲಿಲ್ಲ. ಇದಕ್ಕೆಲ್ಲ ಕಾರಣ ಮಿರಜದ ಪೇಟೆಯಲ್ಲಿ ದಾದಾಸಾಹೇಬರ ಕಿವಿಗೆ ಬಿದ್ದ ಒಂದು ಸುದ್ದಿ. ಅರಿವೆ ಅಂಗಡಿಯ ಗುರುಸಿದ್ಧಪ್ಪ ಚಹಾ ಹೀರುತ್ತ ಹೇಳಿದ್ದ: ಕೆಲವು ಊರುಗಳ ನೀರಿನಲ್ಲಿ ಫ್ಲೋರೈಡ್ ಎಂಬುದು ಮಿತಿಮೀರಿ ಇರುತ್ತದೆ, ಅದನ್ನು ಕುಡಿದ ಮಕ್ಕಳ ಹಲ್ಲು ಕಂದುಗಟ್ಟುತ್ತದೆ, ಬುದ್ಧಿಯೂ ಮಂದವಾಗುತ್ತದೋ ಏನೋ ಎಂದು ಡಾಕ್ಟರುಗಳಿಗೆ ಸಂಶಯ. ಅದಕ್ಕೇ ಊರೂರು ತಿರುಗಿ ಮಕ್ಕಳ ಬುದ್ಧಿ ಪರೀಕ್ಷಿಸುತ್ತಿದ್ದಾರೆ.

"ಕೆಟ್ಟ ನೀರಿನ ಊರಿಗೆ ಕೃಷ್ಣಾ ಹೊಳಿಯಿಂದ ಪೈಪ್ ಹಾಕಸ್ತಾರಂತ. ಮುಂದಿನ ವಾರ ನಿಮ್ಮೂರಿಗೇ ಬರಾಕತ್ತಾರ," ಎಂದಿದ್ದ.

ಕರಂಜವಾಡಿಗೆ ಕೇಬಲ್ ಟಿ.ವಿ. ಬಂದಿತ್ತು, ನಳ ಬಂದಿರಲಿಲ್ಲ. ಮಿರಜದ ಹೊಸ ಕಾಲನಿಗಳಲ್ಲಿ ಅಡುಗೆಮನೆಯೊಳಗೇ ನೀರು ಸುರಿಯುತ್ತಿದ್ದರೆ, ಇಲ್ಲಿ ದಾದಾಸಾಹೇಬರ ಸೊಸೆ ಶಾಲನ, ಹಳ್ಳದ ಬಾವಿಯಿಂದ ಕೊಡ ಹೊತ್ತು ಹೊತ್ತು ಕುತ್ತಿಗೆಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಬಾವಿಯ ನೀರೇನೋ ರುಚಿಯಾಗಿತ್ತು. ಆದರೆ ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯೂ ಇಲ್ಲ ಎಂದು ಗುರುಸಿದ್ಧಪ್ಪನೇ ಹೇಳಿದ್ದನಲ್ಲ! ಇದ್ದರೂ ಇದ್ದೀತು. ಇಲ್ಲದಿದ್ದರೆ? ಮಕ್ಕಳು ದಡ್ಡರಾದರೆ ಸಾಕು, ಇದ್ದಂತೆಯೇ ಲೆಕ್ಕ ಎಂದು ದಾದಾಸಾಹೇಬರು ತೀರ್ಮಾನಿಸಿದರು.

ತಾಲೀಮು ಕಳೆಗಟ್ಟಿತು. ಸೂರ್ಯ ಹುಟ್ಟುವುದು ಮಾಧವನಗರದಲ್ಲಿ ಎಂದು ಒಬ್ಬ ಹೇಳಿದ. ಕರಿ ಎಮ್ಮೆ ಕರಿ ಹಾಲು ಕೊಡುತ್ತದೆ ಎಂದು ಇನ್ನೊಬ್ಬಳು. ದಡ್ಡತನದಲ್ಲಿ ಮೊದಲ ನಂಬರು ತನಗೇ ಬರಬೇಕೆಂದು ಮಕ್ಕಳು ಜಗಳಕ್ಕೇ ಬಿದ್ದರು.

ಕಷ್ಟವಾದದ್ದು ಮೊಮ್ಮಗಳು ಸ್ವಪ್ನಾಲಿಗೆ. ಶಾಲೆಯಲ್ಲಿ ಎಂದೂ ತಪ್ಪು ಹೇಳಿದ ಹುಡುಗಿಯಲ್ಲ.

"ತಪ್ಪ ಹೇಳಾಕ ನಾಲಿಗೀನ ಹೊಳ್ಳಂಗಿಲ್ಲ ಅಜ್ಜಾ," ಎಂದು ಅತ್ತಳು.

"ನಿಮ್ಮವ್ವನ ಕುತಗಿ ನೋಡವಾ," ಎಂದರು ಅಜ್ಜ. ಹುಡುಗಿ ಕಣ್ಣೊರೆಸಿಕೊಂಡಳು.

ಜೀಪು ಬಂದೇಬಿಟ್ಟಿತು. ಇಳಿದವರು ಡಾಕ್ಟರ್ ಸುಮನ, ಸಾಂಗಲಿಯ ಕನ್ನಡ ಮನೆತನದ ಹೆಣ್ಣುಮಗಳು. ಬಂದವರೇ ನೀರು ಬೇಡಿದರು. ಶಾಲನ ಕೊಟ್ಟ ತಂಬಿಗೆಯನ್ನು ಗಟಗಟ ಖಾಲಿ ಮಾಡಿ ಇನ್ನೊಂದು ಕೇಳಿದರು. ಜೀಪಿನ ಬಾಟಲಿಗಳಿಗೂ ತುಂಬಿಸಿಕೊಂಡರು.

"ತಪಾಸಣಿಗೆ ಒಯ್ಯಾಕತ್ತಾರ," ಎಂದು ದಾದಾಸಾಹೇಬರು ಪಿಸುಗುಟ್ಟಿದರು.

"ಪಾಪ, ಕಲಿತ ಹುಡುಗಿ," ಎಂದು ಪಕ್ಕದ ಮನೆಯ ಮುದುಕಿ ಮುತ್ತವ್ವ ಮರುಗಿದಳು. "ಇದ್ದ ಬುದ್ಧೀನೂ ಕಳಕೊಂಡಳು."

ಡಾಕ್ಟರು ಮಕ್ಕಳ ಬಾಯಿ ತೆರೆಸಿ ನೋಡಿದರು. "ಹಲ್ಲು ಎಷ್ಟ ಬೆಳ್ಳಗ ಅದಾವ!" ಎಂದು ಹಿಗ್ಗಿದರು. ದಾದಾಸಾಹೇಬರು ನಾಲಿಗೆ ಕಚ್ಚಿಕೊಂಡರು. ಕಂದು ಕಾಣುವಂತೆ ಹಲ್ಲಿಗೆ ಕಾಚು ಬಳಿಯುವುದು ಮರೆತೇ ಹೋಗಿತ್ತು.

ಆದರೆ ಮಕ್ಕಳು ಊರಿನ ಮಾನ ಉಳಿಸಿದರು. ಬಣ್ಣದ ಕಟ್ಟಿಗೆ ತುಂಡುಗಳನ್ನು ಜೋಡಿಸಲು ಹೇಳಿದರೆ ಒಬ್ಬ ಅವನ್ನು ನೆಕ್ಕಿ ನೋಡಿದ. ಆನೆಯ ಚಿತ್ರ ತೋರಿಸಿದರೆ ಒಬ್ಬಳು, "ನಮ್ಮ ಚಿಗವ್ವ," ಎಂದಳು. ಡಾಕ್ಟರ ಮುಖ ಬಾಡುತ್ತ ಹೋಯಿತು. ದಾದಾಸಾಹೇಬರ ಮೀಸೆ ಅರಳುತ್ತ ಹೋಯಿತು.

ಕೊನೆಗೆ ಸ್ವಪ್ನಾಲಿ.

"ಐದು ಪೇರಲಹಣ್ಣಿನಾಗ ನೀ ಎರಡು ತಿಂದಿ. ಎಷ್ಟ ಉಳದೂ?"

ಹುಡುಗಿ ಅಜ್ಜನನ್ನು ನೋಡಿದಳು. ಕುತ್ತಿಗೆ ಹಿಡಿದು ನಿಂತಿದ್ದ ಅವ್ವನನ್ನು ನೋಡಿದಳು. 

"ಒಂದೂ ಉಳಿಯಂಗಿಲ್ರಿ."

"ಯಾಕವಾ?"

"ಉಳದದ್ದು ನಮ್ಮಜ್ಜ ತಿಂತಾನ."

ಸುಳ್ಳೂ ಅಲ್ಲ, ಸರಿಯುತ್ತರವೂ ಅಲ್ಲ! ದಾದಾಸಾಹೇಬರಿಗೆ ಎದ್ದು ಹೋಗಿ ಅವಳನ್ನು ಮುದ್ದಾಡಬೇಕೆನಿಸಿತು. ಡಾಕ್ಟರು ನಿಟ್ಟುಸಿರುಬಿಟ್ಟು ಸೊನ್ನೆ ಹಾಕಿದರು.

ದಾದಾಸಾಹೇಬರು ಮುಖಕ್ಕೆ ದುಃಖ ಬರಿಸಿಕೊಂಡು ಹತ್ತಿರ ಹೋದರು. "ಎಲ್ಲಾ ನೀರಿನ ಗುಣ ನೋಡ್ರಿ, ಡಾಕ್ಟರ್ ಬಾಯಾರ. ನಾವೇನ ಮಾಡೂಣು? ಪೈಪ್ ಯಾವಾಗ ಬರತೈತ್ರಿ?"

"ಯಾವ ಪೈಪ್?" ಡಾಕ್ಟರು ಅವರನ್ನು ಮೇಲಿಂದ ಕೆಳಗೆ ನೋಡಿದರು. "ಕೆಟ್ಟ ನೀರಿನ ಊರು ಗುಡ್ಡದ ಆಚೆ ಐತ್ರಿ. ಅಲ್ಲಿ ಮಕ್ಕಳ ಪರೀಕ್ಷೆ ನಿನ್ನೇನ ಮುಗದೈತಿ. ತಾಲೂಕಿನಾಗ ಎಲ್ಲಾದಕ್ಕಿಂತ ಶುದ್ಧ ನೀರು ನಿಮ್ಮ ಬಾವೀದು. ಚೊಲೋ ನೀರು ಕುಡದ ಮಕ್ಕಳು ಎಷ್ಟ ಶಾಣ್ಯಾ ಇರ್ತಾರ, ಅವರಿಗೂ ಇವರಿಗೂ ತಾಳೆ ನೋಡೂಣಂತ ಇಲ್ಲಿ ಬಂದೇವಿ."

ದಾದಾಸಾಹೇಬರ ಬಾಯಿ ತೆರೆದೇ ಉಳಿಯಿತು. ಡಾಕ್ಟರು ಆ ಬಾಯಿಯನ್ನೇ ಕನಿಕರದಿಂದ ನೋಡಿ, ಮಕ್ಕಳು ಕೂತಿದ್ದ ಚಾಪೆ ತೋರಿಸಿದರು.

"ನೀರಾಗ ದೋಷ ಇಲ್ಲಂದಮ್ಯಾಗ ಅದು ವಂಶದಾಗನ ಇರಬೇಕು. ಬರ್ರಿ, ಕುಂದ್ರಿ. ಇನ್ನ ಹಿರ್‍ಯಾರನ್ನ ನೋಡೂಣು, ನಿಮ್ಮಿಂದನ ಸುರು."