ಉಳಿದವರ ಹೆಸರು

"ನಂಗೆ ಸಹಿ ಬರಲ್ಲ ಕಣಮ್ಮ, ಹೆಬ್ಬೆಟ್ಟು ಆಗ್ತದಾ?" ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಾಫಿ ಬೀಜ ಆರಿಸುತ್ತಿದ್ದ ತಿಮ್ಮಮ್ಮ ಕೈ ಒರೆಸಿಕೊಳ್ಳುತ್ತ ಕೇಳಿದರು. ನರ್ಸ್ ತಸ್ಲೀಮಾ ಮನವಿ ಪತ್ರವನ್ನು ಮುಂದೆ ಹಿಡಿದಳು. ಬೆಳಿಗ್ಗೆಯಿಂದ ಅಲೆದರೂ ಸಿಕ್ಕಿದ್ದು ಹನ್ನೊಂದೇ ಸಹಿ. "ಬರ್ಮಾದ ಗಲಾಟೆ ನಮಗ್ಯಾಕೆ ಮಾರಾಯ್ತಿ?" ಎಂದವರೇ ಹೆಚ್ಚು.

ಮಂಗಳೂರಿನ ನರ್ಸಿಂಗ್ ಹಾಸ್ಟೆಲ್‌ನಲ್ಲಿ ತಸ್ಲೀಮಾಳ ಜೊತೆ ಒಂದೇ ಕೋಣೆಯಲ್ಲಿದ್ದ ಥಿರಿ ಬರ್ಮಾದವಳು. ಅಲ್ಲಿ ಸೈನ್ಯ ಅಧಿಕಾರ ಕಿತ್ತುಕೊಂಡಾಗ, ಪ್ರಜಾಪ್ರಭುತ್ವ ಬೇಕೆಂದು ಬೀದಿಗಿಳಿದವರ ಗಾಯಕ್ಕೆ ಪಟ್ಟಿ ಕಟ್ಟಿದ್ದೇ ಅವಳ ಅಪರಾಧ. ನಾಲ್ಕು ವರ್ಷದಿಂದ ಜೈಲಿನಲ್ಲಿದ್ದವಳಿಗೆ ಈಗ ಕಿಡ್ನಿ ಕೈಕೊಟ್ಟಿತ್ತು. ಅವಳನ್ನು ಆಸ್ಪತ್ರೆಗೆ ಸೇರಿಸಿ ಎಂಬುದಷ್ಟೇ ಅಲ್ಲಿನ ಸರ್ಕಾರಕ್ಕೆ ಬರೆದ ಮನವಿ.

ಅಷ್ಟರಲ್ಲಿ ಥಿರಿಯ ತಮ್ಮನ ಮೆಸೇಜ್ ಬಂತು. ಅಕ್ಕ ನಿನ್ನೆಯೇ ಹೋದಳು. ತಸ್ಲೀಮಾ ಅದನ್ನು ಎರಡು ಸಲ ಓದಿದಳು. "ಬೇಡ ಬಿಡಿ ತಿಮ್ಮಮ್ಮ, ಅವಳು ತೀರಿಹೋದ್ಲು," ಎಂದು ಕಾಗದ ಮಡಚತೊಡಗಿದಳು.

"ಆ ಜೈಲಲ್ಲಿ ಅವಳೊಬ್ಬಳೇ ಇದ್ಲಾ?" ತಿಮ್ಮಮ್ಮ ಮೆಲ್ಲಗೆ ಕೇಳಿದರು.

"ಇಲ್ಲ. ಇನ್ನೂ ತುಂಬಾ ಜನ ಇದ್ದಾರೆ."

"ಹಂಗಾರೆ ಅವರ ಹೆಸರು ಬರಿ. ಒತ್ತುತೀನಿ."

ತಸ್ಲೀಮಾ ಪೆನ್ನು ತೆರೆದಳು. ಈ ನಾಲ್ಕು ವರ್ಷದಲ್ಲಿ ಥಿರಿಯನ್ನು ಬಿಟ್ಟು ಅಲ್ಲಿರುವ ಇನ್ನೊಬ್ಬರ ಹೆಸರನ್ನೂ ತಾನು ಕೇಳಿರಲಿಲ್ಲ.