ಅಸಲು ಬೆಲೆ

ಬಚ್ಚಲುಮನೆಯ ಬಾಗಿಲಲ್ಲೇ ಡಬಲಣ್ಣನ ಕಾಲು ನಿಂತುಬಿಟ್ಟಿತು. ಈ ನೀಲಿ ಟೈಲ್ಸನ್ನು, ಮೂಲೆಯಲ್ಲಿರುವ ಈ ಸೀಳಿದ ಬಕೆಟ್ಟನ್ನು ಅವನು ಮೊದಲೇ ನೋಡಿದ್ದ. ಹೊರಗೋಡೆಗೆ ಬಳಿದ ಹೊಸ ಬಣ್ಣ ಅವನನ್ನು ಯಾಮಾರಿಸಿತ್ತು.

"ಏನಾಯ್ತು?" ಎಂದಳು ಹಿಂದೆ ನಿಂತಿದ್ದ ಮನೆಯಾಕೆ.

"ಏನಿಲ್ಲಮ್ಮ."

ಯಜಮಾನ್ರು ಇಲ್ವಾ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ನುಂಗಿಕೊಂಡ. ಹೋದ ಸಲ ಬಂದಾಗ ಮನೆಯಲ್ಲಿ ಯಜಮಾನರೊಬ್ಬರೇ ಇದ್ದರು. ಈಕೆ ಅವನ ಮುಖ ಕಂಡವಳಲ್ಲ.

"ಗೀಸರ್ ಬಿಚ್ಚಿ ನೋಡಿ," ಎಂದಳು ಆಕೆ. "ಅಲ್ಲೇ ಶಾಕ್ ಹೊಡೆದು ಹೋದ್ರು ನಮ್ಮನೆಯವರು. ಅವತ್ತಿಂದ ಸ್ವಿಚ್ ಹಾಕಿಲ್ಲ."

ಸ್ಟೂಲು ಆಗಲೇ ಗೀಸರಿನ ಕೆಳಗೆ ಕಾದಿತ್ತು. ಡಬಲಣ್ಣ ಏನೂ ಆಗದವನಂತೆ ಹತ್ತಿದ.

ಡಬಲಣ್ಣ ಎಂಬುದು ಹಾರ್ಡ್‌ವೇರ್ ಅಂಗಡಿಯವನು ಇಟ್ಟ ಹೆಸರು. ಅಂಗಡಿಯಲ್ಲಿ ಎಂಟುನೂರಕ್ಕೆ ಕೊಂಡ ಗೀಸರ್ ಕಾಯಿಲ್, ಗಿರಾಕಿಯ ಮನೆ ಮುಟ್ಟುವ ಹೊತ್ತಿಗೆ ಸಾವಿರದ ಆರುನೂರಾಗುತ್ತಿತ್ತು. ಹಾಲಿನಲ್ಲಿ ಒಳ್ಳೆಯ ಸೋಫಾ ಕಂಡರೆ ಎರಡು ಸಾವಿರ. ಓಡಾಟ ಯಾರಪ್ಪನದು, ಪೆಟ್ರೋಲು ಯಾರಪ್ಪನದು? ಅವನೊಬ್ಬನೇ ಅಲ್ಲ, ಊರಿನ ರಿಪೇರಿಯವರೆಲ್ಲ ಹಾಗೆಯೇ. ಅಸಲು ಹೇಳಿದವನು ಹಸಿದು ಸತ್ತ ಎಂಬುದು ಆ ಕಸುಬಿನ ಮೊದಲ ಪಾಠ.

ಡಬಲಣ್ಣ ಮಾತ್ರ ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದ. ಒಂದು ಮನೆಯಲ್ಲಿ ಕೆಟ್ಟಿದೆ ಎಂದು ಬಿಚ್ಚಿ ತಂದ ಕಾಯಿಲನ್ನು ಆಸಿಡ್ಡಿನಲ್ಲಿ ತೊಳೆದು, ಉಜ್ಜಿ ಹೊಳಪು ಬರಿಸಿ, ಇನ್ನೊಂದು ಮನೆಗೆ ಹೊಸದೆಂದು ಹಾಕುತ್ತಿದ್ದ. ಚೀಲದಲ್ಲಿ ಹೊಸದು ಯಾವುದು, ತೊಳೆದದ್ದು ಯಾವುದು ಎಂದು ತನಗೇ ಗೊಂದಲವಾಗಬಾರದಲ್ಲ. ತೊಳೆದದ್ದರ ಬುಡದಲ್ಲಿ ಅರದಿಂದ ಸಣ್ಣದೊಂದು ಗೀರು ಎಳೆದಿಡುತ್ತಿದ್ದ. ಈಗಲೂ ಚೀಲದಲ್ಲಿ ಅಂಥದ್ದೊಂದು ಇತ್ತು.

ಗೀಸರಿನ ಮೈಯೆಲ್ಲ ತುಕ್ಕು. ಸ್ಕ್ರೂಗಳು ಮಾತ್ರ ಮುಟ್ಟಿದರೆ ಸಾಕೆಂಬಂತೆ ಬಿಟ್ಟುಕೊಂಡವು. ಟ್ಯಾಂಕಿನಲ್ಲಿ ಹನಿ ನೀರಿರಲಿಲ್ಲ. ಕರೆಂಟಿನವರು ಬಂದು ನೋಡಿ ಹೋಗಿರಬೇಕು ಎಂದುಕೊಂಡ. ಕಾಯಿಲನ್ನು ಎಳೆದ.

ಕೊಳವೆ ಸೀಳಿತ್ತು. ಬುಡದಲ್ಲಿ ಗೀರು ಇತ್ತು.

ಎಲ್ಲೋ ನೀರು ತೊಟ್ಟಿಕ್ಕುವ ಸದ್ದು ಕೇಳಿಸಿತು. ನಲ್ಲಿ ನೋಡಿದ. ಒಣಗಿತ್ತು. ಗೂಟದಲ್ಲಿ ಒಂದು ಟವೆಲ್ಲು ಇನ್ನೂ ತೂಗುತ್ತಿತ್ತು. ಕನ್ನಡಿಯ ಕೆಳಗಿನ ಹಲಗೆಯ ಮೇಲೆ ಯಜಮಾನರ ಕನ್ನಡಕವಿತ್ತು. ಅವತ್ತು ಅದೇ ಕನ್ನಡಕವನ್ನು ಹಣೆಗೇರಿಸಿಕೊಂಡು ಅವರು ಈ ಬಾಗಿಲಲ್ಲೇ ನಿಂತಿದ್ದರು.

"ಹೊಸದು ತಾನೇನಪ್ಪ?"

"ಒರಿಜಿನಲ್ ಸಾರ್. ಡಬ್ಬಾನ ಈಗಷ್ಟೇ ಬಿಸಾಕಿ ಬಂದೆ."

ಅವರು ನಕ್ಕಿದ್ದರು. "ಮೊದ್ಲು ಅಸಲು ಎಷ್ಟು ಹೇಳಪ್ಪ. ಆಮೇಲೆ ನಿನ್ನ ಲಾಭ ಸೇರಿಸ್ಕೋ." ಡಬಲಣ್ಣ ಹೇಳಿರಲಿಲ್ಲ.

ಓಡಿಹೋಗಬೇಕೆನಿಸಿತು. ಆಕೆಯ ಕಾಲಿಗೆ ಬೀಳಬೇಕೆಂದೂ ಅನಿಸಿತು. ಎರಡೂ ಮಾಡಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವಷ್ಟು ದಡ್ಡ ತಾನಲ್ಲ ಎಂದು ಉಸಿರು ಬಿಗಿಹಿಡಿದ.

ಅಸಲು ಎಷ್ಟು ಹೇಳಪ್ಪ.

ಕಿವಿಯ ಹಿಂದೆಯೇ ಕೇಳಿಸಿತು. ಗಕ್ಕನೆ ತಿರುಗಿದ. ಬಾಗಿಲಲ್ಲಿ ಆಕೆಯಲ್ಲದೆ ಯಾರೂ ಇರಲಿಲ್ಲ. ಆಕೆ ಗೀಸರನ್ನಾಗಲಿ ಕಾಯಿಲನ್ನಾಗಲಿ ನೋಡುತ್ತಿರಲಿಲ್ಲ, ಅವನ ಮುಖವನ್ನು ನೋಡುತ್ತಿದ್ದಳು.

"ಎಷ್ಟಾಗುತ್ತೆ?"

"ಎಂಟ್ನೂರಮ್ಮ."

ಬಾಯಿಂದ ಬಿದ್ದ ಮಾತು ಕೇಳಿ ಅವನೇ ಬೆಚ್ಚಿದ. ಹಾಲಿನಲ್ಲಿ ಇದ್ದದ್ದು ಎರಡು ಸಾವಿರದ ಸೋಫಾ.

"ಅಷ್ಟೇನಾ?"

"ಅಷ್ಟೇ. ಕೂಲಿ ಏನೂ ಬೇಡ." ದನಿ ನಡುಗದಂತೆ ನೋಡಿಕೊಂಡು ಸೇರಿಸಿದ, "ಹಳೇದನ್ನ ನಾನೇ ಬಿಸಾಕ್ತೀನಿ ಬಿಡಿ."

"ಬೇಡ. ಇಲ್ಲಿ ಕೊಡಿ."

ಹೆಚ್ಚು ಒತ್ತಾಯ ಮಾಡಿದರೆ ಅನುಮಾನ. ಕೊಟ್ಟ. ಆಕೆ ಗೂಟದಿಂದ ಟವೆಲ್ಲು ತೆಗೆದು, ಕಾಯಿಲನ್ನು ಅದರಲ್ಲಿ ಮೆಲ್ಲಗೆ ಸುತ್ತಿಕೊಂಡು ಒಳಗೆ ಹೋದಳು. ಡಬಲಣ್ಣ ಚೀಲದಲ್ಲಿ ತಡಕಾಡಿ, ಸೀಲು ಒಡೆಯದ ಹೊಸ ಕಾಯಿಲ್ ಹುಡುಕಿ ಹಾಕಿದ. ಅಷ್ಟು ಚೊಕ್ಕಟವಾದ ಕೆಲಸವನ್ನು ಅವನು ಈಚೆಗೆ ಎಲ್ಲೂ ಮಾಡಿರಲಿಲ್ಲ. ತೊಟ್ಟಿಕ್ಕುವ ಸದ್ದು ನಿಂತಿತ್ತು. ಸತ್ತವರಿಗೆ ಇಷ್ಟಾದರೂ ಸಂದಿತು ಎಂದು ಮನಸ್ಸು ಹಗುರಾಯಿತು.

ಆಕೆ ಕೊಟ್ಟ ಎಂಟುನೂರನ್ನು ಎಣಿಸದೆ ಜೇಬಿಗಿಟ್ಟ. ಬದುಕಿದೆಯಾ ಬಡಜೀವವೇ ಎಂದು ಮುಂಬಾಗಿಲಿಗೆ ಬಂದರೆ ಒಳಗಿನಿಂದ ಬೀಗ ಹಾಕಿತ್ತು.

"ಕೂತ್ಕೊಳ್ಳಿ," ಎಂದಳು ಆಕೆ. "ಪೊಲೀಸ್ರಿಗೆ ಫೋನ್ ಮಾಡಿದೀನಿ. ಬರ್ತಿದಾರೆ. ಆ ಚೀಲ ಅಲ್ಲೇ ಇರ್ಲಿ."

"ನಾನೇನಮ್ಮ ಮಾಡ್ದೆ? ನಿಮ್ಮನೆಗೆ ಬಂದಿರೋದೇ ಇವತ್ತು."

"ಊರಲ್ಲಿರೋ ರಿಪೇರಿಯವರನ್ನೆಲ್ಲ ಒಬ್ಬೊಬ್ಬರಾಗಿ ಕರೆಸಿ ಅದೇ ಗೀಸರ್ ಬಿಚ್ಚಿಸ್ದೆ. ನಮ್ಮನೆಯವರು ಹೋದ ಕಥೇನೂ ಹೇಳ್ದೆ," ಎಂದಳು ಆಕೆ, ಸೋಫಾದ ತುದಿಯಲ್ಲಿ ಕೂರುತ್ತ. "ಕೇಳಿ ಎಲ್ರೂ ಲೊಚಗುಟ್ಟಿದ್ರು, ಆಮೇಲೆ ಡಬಲ್ ರೇಟೇ ಹೇಳಿದ್ರು."

ಟವೆಲ್ಲಿನ ಗಂಟನ್ನು ಮಡಿಲಲ್ಲಿ ಇನ್ನಷ್ಟು ಹತ್ತಿರ ಎಳೆದುಕೊಂಡಳು.

"ಅಸಲು ಹೇಳಿದ್ದು ನೀವೊಬ್ಬರೇ."