ತುಟಿಯ ಮಾತು

“ಅವ್ವ ನಿನಗ ಏನಂದ್ಳೋ ಮಲ್ಲಾರಿ?” ಅಕ್ಕ ತಾರವ್ವ ಮೂರನೆಯ ಸಲ ಕೇಳಿದಳು. ಅವ್ವನಿಗೆ ಮಣ್ಣು ಕೊಟ್ಟು ಬಂದು ಗೋಡೆಗೊರಗಿದ್ದ ಮಲ್ಲಾರಿ, ಅಂಗಿಗೆ ಇನ್ನೂ ಅಂಟಿಕೊಂಡಿದ್ದ ಕಾರಖಾನೆಯ ಹತ್ತಿಯನ್ನು ಒಂದೊಂದೇ ಎಳೆ ಕೀಳುತ್ತಿದ್ದ.

ನಾಲ್ಕು ದಿನದಿಂದ ಅವ್ವನ ದನಿ ಬಿದ್ದುಹೋಗಿ ಬರೀ ತುಟಿ ಆಡುತ್ತಿತ್ತು. ಇಚಲಕರಂಜಿಯ ಮಗ್ಗಗಳ ಗದ್ದಲದಲ್ಲಿ ಹದಿನೈದು ವರ್ಷ ತುಟಿ ನೋಡಿಯೇ ಮಾತು ಹಿಡಿದವನು ತಮ್ಮನೊಬ್ಬನೇ ಎಂದು ತಾರವ್ವ ಅವನನ್ನು ಗಡಹಿಂಗ್ಲಜದ ಮನೆಗೆ ಕರೆಸಿದ್ದಳು. ಒಂದರ ಬೆನ್ನಿಗೊಂದು ಎರಡು ಪಾಳಿ ದುಡಿದು ಬಂದವನು ಅವ್ವನ ತುಟಿ ನೋಡಿದ, “ಹೂಂ ಯವ್ವಾ” ಎಂದ, ಅವಳ ಕಾಲ ಬಳಿಯೇ ಉರುಳಿದ. ಎದ್ದ ಮೇಲೆ ಹೇಳುತ್ತಾನೆಂದು ಅಕ್ಕ ಬಿಟ್ಟಳು. ಅವನು ಎದ್ದಾಗ ಅವ್ವ ಇರಲಿಲ್ಲ, ಅವಳ ಮಾತೂ ಅವನಲ್ಲಿ ಉಳಿದಿರಲಿಲ್ಲ.

“ಆಗ ತಿಳದಿತ್ತಕ್ಕಾ, ಖರೇನ ತಿಳದಿತ್ತು. ತಲ್ಯಾಗ ನಿಲ್ಲಲಿಲ್ಲ. ಮೈಯಾಗ ಜೀವಾನ ಇರಲಿಲ್ಲ ನನಗ.”

ಅವ್ವ ತನ್ನ ಹೆಸರು ಹೇಳಿರಬಹುದೆಂದು ಆಸೆಪಟ್ಟಿದ್ದ ತಾರವ್ವನಿಗೆ ಸಿಟ್ಟು ನೆತ್ತಿಗೇರಿತು. ಬೈಯಲು ಬಾಯಿ ತೆರೆದವಳು ತಡೆದುಕೊಂಡಳು. ಅವನೆದುರು ಕುಕ್ಕರುಗಾಲಲ್ಲಿ ಕೂತು, ಅವನ ಗದ್ದ ಹಿಡಿದೆತ್ತಿ, “ಹಿಂಗ ಆಡಿಸಿದ್ಳು, ನೋಡು” ಎಂದು ತಾನು ಕಂಡಂತೆ ಅವ್ವನ ತುಟಿಯನ್ನು ತನ್ನ ತುಟಿಗೆ ತಂದುಕೊಂಡು, ದನಿಯಿಲ್ಲದೆ, ನಿಧಾನಕ್ಕೆ ಆಡಿಸಿದಳು.

ಮಲ್ಲಾರಿಯ ಕೈ ಅಂಗಿಯ ಮೇಲೆಯೇ ನಿಂತಿತು.

“‘ಭಾಳ ದಣದಿ ಮಗನ, ಮಲಕೋ’ ಅಂದಿದ್ಳಕ್ಕಾ,” ಎಂದ. “ನಾ ಮಲಕೊಂಡಬಿಟ್ನಿ.”